ಮೌನ ಚೆನ್ನಾಗಿದೆ, ಮೇಜಿನ ಮೇಲೆ ಬೆಳಕು ಸಾಲದು

ಮನೆ ಹುಡುಕುತ್ತಾ ನಾವು ಹೊಕ್ಕ ಏಳನೇ ಸೇಲ್ಸ್ ಆಫೀಸು ಇದು. ಹಿಂದಿನ ಆರೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿದ್ದವು. ಮುಖ ಕಾಣುವಷ್ಟು ಮಿಂಚುವ ಬಿಳಿ ನೆಲ, ತಲೆ ಮೇಲೆ ಬಿದ್ದೀತೇನೋ ಅನ್ನಿಸುವಷ್ಟು ದೊಡ್ಡ ಗಾಜಿನ ತೂಗುದೀಪ, ಗೋಡೆಯಗಲದ ಟಿವಿ, ಅದರಲ್ಲಿ ಈಜುಕೊಳದ ಮೇಲೆ ಹಾರುವ ಡ್ರೋನು, ಹಿನ್ನೆಲೆಯಲ್ಲಿ ಯಾರೋ ಯುದ್ಧ ಗೆದ್ದು ಬಂದ ಹಾಗೆ ಸಂಗೀತ. ಏಳನೆಯದರಲ್ಲಿ ಇದ್ಯಾವುದೂ ಇರಲಿಲ್ಲ. ಒಳಗೆ ಕಾಲಿಟ್ಟ ಸ್ವಲ್ಪ ಹೊತ್ತಿಗೆ ನಾನು, ಹೆಂಡತಿ, ಅಮ್ಮ ಮೂವರೂ ದನಿ ತಗ್ಗಿಸಿ ಮಾತಾಡುತ್ತಿದ್ದೆವು. ಯಾರೂ ಹೇಳಿರಲಿಲ್ಲ. ಇದು ತಾನಾಗೇ ಆಗುವಂಥದ್ದಲ್ಲ, ಯಾರೋ ಕೂತು ತಲೆ ಓಡಿಸಿದ್ದಾರೆ.

ಹಾಗಾಗಿ ಈ ಸಲದ ವಿಮರ್ಶೆ ಮನೆಯದ್ದಲ್ಲ, ಮನೆ ಮಾರುವ ಜಾಗದ್ದು. ಮನೆ ಇನ್ನೂ ನೆಲ ಬಿಟ್ಟು ಎದ್ದೇ ಇಲ್ಲ, ಅದರ ಬಗ್ಗೆ ಬರೆಯೋಕೆ ಏನಿದೆ. ಕಂಪನಿಯ ಹೆಸರು ಹಾಕುವುದಿಲ್ಲ, ಒಳಾಂಗಣ ಮಾಡಿದವರ ಹೆಸರೂ ಇಲ್ಲ. ನಾನು ಡಿಸೈನರ್ ಅಲ್ಲ. ಆದರೆ 14 ವರ್ಷ ಇಂಟೀರಿಯರ್ ಸೈಟುಗಳಲ್ಲಿ ಸೂಪರ್‌ವೈಸರ್ ಆಗಿ ನಿಂತವನು. ಚಂದದ ಗೋಡೆ ಕಂಡರೆ ಬೆರಳಲ್ಲಿ ತಟ್ಟಿ ನೋಡುವ ಚಟ ಇನ್ನೂ ಬಿಟ್ಟಿಲ್ಲ. ಹೆಂಡತಿಗೆ ಇದರಿಂದ ಹೋದಲ್ಲೆಲ್ಲ ನಾಚಿಕೆ.

ಬಾಗಿಲಿಂದ ಶುರು ಮಾಡುತ್ತೇನೆ. ರಸ್ತೆಯಿಂದ ನೇರವಾಗಿ ಹಾಲಿಗೆ ಬಿಡುವುದಿಲ್ಲ. ಮೊದಲು ಒಂದು ಇಕ್ಕಟ್ಟಾದ ಓಣಿ, ನನ್ನ ಹೆಜ್ಜೆ ಲೆಕ್ಕದಲ್ಲಿ 8 ಮೀಟರ್ ಉದ್ದ, ಸೂರು ಕೈಗೆಟುಕುವಷ್ಟು ತಗ್ಗು, ಎರಡೂ ಕಡೆ ಮಣ್ಣಿನ ಬಣ್ಣದ ಗೋಡೆ. ಕೊನೆಯಲ್ಲಿ ತಿರುಗಿದರೆ ಒಮ್ಮೆಗೇ ಎತ್ತರದ ಹಾಲು, ಮೇಲಿಂದ ಇಳಿಯುವ ಬೆಳಕು. ಹಳೇ ಉಪಾಯ. ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ತಾನು ಕಟ್ಟಿದ ಮನೆಗಳಲ್ಲಿ ಮತ್ತೆ ಮತ್ತೆ ಮಾಡಿದ್ದು ಇದನ್ನೇ, ಮೊದಲು ಅದುಮುವುದು, ಆಮೇಲೆ ಬಿಡುವುದು. ಅದುಮಿ ಬಿಟ್ಟರೆ ಸಾಧಾರಣ ಕೋಣೆಯೂ ವಿಶಾಲವಾಗಿ ಕಾಣುತ್ತದೆ. ಜಪಾನಿನ ಚಹಾ ಕೋಣೆಗಳಲ್ಲಿ ಇದು ಇನ್ನೂ ಕಟ್ಟುನಿಟ್ಟು. ಅಲ್ಲಿನ ನಿಜಿರಿಗುಚಿ ಅನ್ನುವ ಬಾಗಿಲಿನ ಎತ್ತರ ಸುಮಾರು 66 ಸೆಂಟಿಮೀಟರ್ ಅಷ್ಟೇ. ಎಷ್ಟೇ ದೊಡ್ಡ ಮನುಷ್ಯನಾದರೂ ಬಗ್ಗಿ, ಮಂಡಿಯೂರಿ ಒಳಗೆ ಬರಬೇಕು. 16ನೇ ಶತಮಾನದ ಚಹಾ ಗುರು ಸೆನ್ ನೋ ರಿಕ್ಯೂ ಹೆಸರಿನ ಜೊತೆ ಈ ಬಾಗಿಲನ್ನು ಸೇರಿಸಿ ಹೇಳುತ್ತಾರೆ. ಸೊಂಟಕ್ಕೆ ಕತ್ತಿ ಕಟ್ಟಿದವರು ಅದನ್ನು ಹೊರಗೇ ಬಿಟ್ಟು ಬರಬೇಕಿತ್ತಂತೆ. ಇಲ್ಲಿ ನಾವು ಹೊರಗೆ ಬಿಟ್ಟು ಬರಬೇಕಾದ್ದು ಏನು ಅಂತ ನನಗೆ ಆ ಓಣಿಯಲ್ಲೇ ಅನುಮಾನ ಬಂತು. ಚೌಕಾಸಿ ಮಾಡುವ ಬುದ್ಧಿ ಇರಬೇಕು.

ಓಣಿಗೆ ನನ್ನಿಂದ ಪೂರ್ತಿ ಅಂಕ ಇಲ್ಲ. ನೆಲಕ್ಕೆ ಉರುಟು ಬೆಣಚುಕಲ್ಲು ಸುರಿದಿದ್ದಾರೆ. ಕಾಲ ಕೆಳಗೆ ಚರಚರ ಸದ್ದು ಬರಲಿ, ನಡಿಗೆ ನಿಧಾನವಾಗಲಿ ಅಂತ. ಐಡಿಯಾ ಒಳ್ಳೆಯದೇ. ಆದರೆ ಅಮ್ಮ ಕೋಲು ಹಿಡಿದು ನಡೆಯುವವರು. ಕೋಲು ಕಲ್ಲಲ್ಲಿ ಹೂತು ಹೋಗುತ್ತದೆ. ಗಾಲಿ ಕುರ್ಚಿಯಲ್ಲಿ ಬಂದವರ ಗತಿ ಏನು? ಪಕ್ಕದಲ್ಲಿ ಬೇರೆ ದಾರಿ ಇದೆ ಅಂತ ಆಮೇಲೆ ಗೊತ್ತಾಯಿತು, ಅದು ಸಾಮಾನು ಸಾಗಿಸುವ ದಾರಿ. ಮುಂಬಾಗಿಲ ಅನುಭವ ಗಟ್ಟಿ ಕಾಲಿನವರಿಗೆ, ಉಳಿದವರಿಗೆ ಹಿಂಬಾಗಿಲು. ಕಲ್ಲಿನ ನಡುವೆ ಒಂದು ಅಡಿ ಅಗಲದ ಚಪ್ಪಡಿಗಳನ್ನು ಕೋಲಿಗೆ, ಒಂದು ಮೀಟರ್ ಅಗಲದ ಪಟ್ಟಿಯನ್ನು ಗಾಲಿಗೆ ಹಾಸಿದ್ದರೆ ಆ ಸದ್ದೂ ಉಳಿಯುತ್ತಿತ್ತು, ಅಮ್ಮನೂ ನನ್ನ ಭುಜ ಹಿಡಿಯಬೇಕಿರಲಿಲ್ಲ.

ಹಾಲಿನಲ್ಲಿ ಕೌಂಟರ್ ಇಲ್ಲ. ಇದು ನನಗೆ ತುಂಬಾ ಹಿಡಿಸಿತು. ಬೇರೆ ಕಡೆ ಒಳಗೆ ಹೋದ ತಕ್ಷಣ ಒಂದು ಎತ್ತರದ ಮೇಜು, ಅದರ ಹಿಂದೆ ನಾಲ್ಕು ಜನ, ಮೊದಲ ಮಾತೇ ಫೋನ್ ನಂಬರ್. ಇಲ್ಲಿ ಒಂದು ಉದ್ದನೆಯ ಬೆಂಚು, ಎದುರಿಗೆ ಕಿಟಕಿ, ಕಿಟಕಿಯಾಚೆ ಒಂದೇ ಒಂದು ಮರ ಇರುವ ಸಣ್ಣ ಅಂಗಳ. ಒಬ್ಬ ಹುಡುಗಿ ಬಂದು "ಅಮ್ಮ, ಕೂತ್ಕೊಳ್ಳಿ, ಆರಾಮಾಗಿ ನೋಡಿ, ಆಮೇಲೆ ಮಾತಾಡೋಣ" ಅಂದಳು, ನೀರು ತಂದಿಟ್ಟಳು, ಹೋದಳು. ನಿಜವಾಗಿಯೂ ಹೋದಳು! ಹತ್ತು ನಿಮಿಷ ಯಾರೂ ಬರಲಿಲ್ಲ. ಮನೆ ಕೊಳ್ಳುವುದು ಜೀವನದ ಅತಿ ದೊಡ್ಡ ಖರ್ಚು, ಸಾಲ ತೀರುವಷ್ಟರಲ್ಲಿ ತಲೆಗೂದಲು ಬೆಳ್ಳಗಾಗಿರುತ್ತದೆ. ಅಂಥದ್ದಕ್ಕೆ ಹತ್ತು ನಿಮಿಷ ಸುಮ್ನೆ ಕೂರಲು ಬಿಡುವುದು ದೊಡ್ಡ ಮರ್ಯಾದೆ ಅಂತಲೇ ನನಗನಿಸಿತು.

ಆ ಬೆಂಚಿನ ಬಗ್ಗೆ ಇನ್ನೂ ಹೇಳಬೇಕು. ದಪ್ಪ ಹಲಗೆ, ಅಂಚು ಮಾತ್ರ ಉಜ್ಜಿ ನುಣುಪು ಮಾಡಿದ್ದಾರೆ, ಮೇಲೆ ಮೊಳೆ ತೂತುಗಳು ಹಾಗೇ ಇವೆ, ಒಂದೆರಡು ಕಡೆ ಸಿಮೆಂಟಿನ ಬೂದು ಕಲೆ. ಸೈಟಲ್ಲಿ ನಿಂತವರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ, ಇದು ಸಾರುವೆ ಹಲಗೆ. ಇದೇ ಕಟ್ಟಡ ಕಟ್ಟುವಾಗ ಕೆಲಸದವರು ಮೇಲೆ ನಿಂತಿದ್ದ ಹಲಗೆಗಳಂತೆ. ವಾಸ್ತುಶಿಲ್ಪಿ ತಡಾವೋ ಆಂಡೋ ಜಪಾನಿನ ಇಬರಾಕಿಯಲ್ಲಿ 1989ರಲ್ಲಿ ಮುಗಿಸಿದ ಸಣ್ಣ ಚರ್ಚ್ ಇದೆಯಲ್ಲ, ಕಾಂಕ್ರೀಟ್ ಗೋಡೆಯಲ್ಲಿ ಶಿಲುಬೆಯ ಆಕಾರಕ್ಕೆ ಸೀಳು ಬಿಟ್ಟು ಬೆಳಕನ್ನೇ ಶಿಲುಬೆ ಮಾಡಿದ್ದು, ಅದರ ಬೆಂಚುಗಳೂ ನೆಲವೂ ಸಾರುವೆ ಹಲಗೆಯವೇ. ಅಲ್ಲಿ ದುಡ್ಡಿಗೆ ಬಿಗಿಯಿತ್ತು. ಇಲ್ಲಿ ದುಡ್ಡಿಗೇನೂ ಬಿಗಿ ಇಲ್ಲ, ಆದರೂ ಹಲಗೆಯನ್ನು ಎಸೆಯದೆ ಇಟ್ಟುಕೊಂಡರಲ್ಲ, ಅದಕ್ಕೆ ಶಭಾಷ್. ಅಮ್ಮ ಕೂತವರು ಏಳಲೇ ಇಲ್ಲ. ಎತ್ತರ ಸರಿಯಾಗಿದೆ, ಏಳುವಾಗ ಕೈ ಊರಲು ತುದಿಯಲ್ಲಿ ಜಾಗ ಇದೆ. ಹಿಂದಿನ ಆರು ಕಡೆಯ ಸೋಫಾಗಳಲ್ಲಿ ಕೂತರೆ ಅಮ್ಮನನ್ನು ಇಬ್ಬರು ಹಿಡಿದು ಎಬ್ಬಿಸಬೇಕಿತ್ತು.

ಈಗ ಗೋಡೆ. ತಟ್ಟಿದೆ. ಜಿಪ್ಸಮ್ ಬೋರ್ಡಿನ ಟೊಳ್ಳು ಸದ್ದು ಬರುತ್ತದೇನೋ ಅಂದುಕೊಂಡಿದ್ದೆ, ಬರಲಿಲ್ಲ. ಗಟ್ಟಿ ಗೋಡೆ, ಮೇಲೆ ಸುಣ್ಣದ ಗಾರೆ, ಬಣ್ಣ ಬಳಿದಿಲ್ಲ, ಗಾರೆಗೇ ಮಣ್ಣು ಬೆರೆಸಿದ್ದಾರೆ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಕರಣೆ ಎಳೆದ ಗೆರೆಗಳು ಕಾಣುತ್ತವೆ. ಪೇಂಟ್ ಹೊಡೆದ ಗೋಡೆಯಲ್ಲಿ ಇದು ಸಿಗೋದಿಲ್ಲ. ಸುಣ್ಣ ಒಳ್ಳೆಯದು ಅನ್ನುವುದಕ್ಕೆ ಬರೀ ಅಂದ ಕಾರಣವಲ್ಲ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿಗೆ ಸುಟ್ಟಾಗ ಇಂಗಾಲದ ಡೈ ಆಕ್ಸೈಡ್ ಹೊರಗೆ ಹೋಗುತ್ತದೆ. ಗೋಡೆಗೆ ಮೆತ್ತಿದ ಮೇಲೆ ಗಾರೆ ಗಟ್ಟಿಯಾಗುತ್ತಾ ಗಾಳಿಯಿಂದ ಅದೇ ಅನಿಲವನ್ನು ನಿಧಾನವಾಗಿ ವಾಪಸ್ ಎಳೆದುಕೊಂಡು ಮತ್ತೆ ಕಲ್ಲಾಗುತ್ತದೆ. ಸುಡಲು ಉರಿಸಿದ ಇಂಧನದ ಹೊಗೆ ಲೆಕ್ಕಕ್ಕೆ ವಾಪಸ್ ಬರುವುದಿಲ್ಲ, ಅದು ಬೇರೆ ಮಾತು. ಸಿಮೆಂಟಿನ ಕಥೆ ಇದಕ್ಕಿಂತ ಭಾರ. ಜಗತ್ತಿನಲ್ಲಿ ಮನುಷ್ಯರು ಹೊರಬಿಡುವ ಇಂಗಾಲದ ಡೈ ಆಕ್ಸೈಡ್‌ನಲ್ಲಿ ಸುಮಾರು ಶೇ 8ರಷ್ಟು ಸಿಮೆಂಟಿನದ್ದೇ. ಜೊತೆಗೆ ಸುಣ್ಣದ ಗೋಡೆ ತೇವವನ್ನು ಹೀರಿಕೊಂಡು ಮತ್ತೆ ಹೊರಬಿಡುತ್ತದೆ, ಹಾಗಾಗಿ ಬಾಗಿಲು ಮುಚ್ಚಿದ್ದರೂ ಒಳಗೆ ಉಬ್ಬೆ ಅನಿಸುವುದು ಕಡಿಮೆ.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಮಾತು. ಅದೇ ಹಾಲಿನ ಹಿಂಬದಿಯಲ್ಲಿ, ಫೈಲು ಇಡುವ ಕಪಾಟಿನ ಅಂಚನ್ನು ಬಗ್ಗಿ ನೋಡಿದೆ. ಎಂಡಿಎಫ್, ಅಂದರೆ ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ, ಅದರ ಮೇಲೆ ಮರದ ಚಿತ್ರದ ಲ್ಯಾಮಿನೇಟು. ಅಂಚಿಗೆ ಅಂಟಿಸುವ ಪಟ್ಟಿ, ಎಡ್ಜ್ ಬ್ಯಾಂಡ್, ಒಂದು ಮೂಲೆಯಲ್ಲಿ ಆಗಲೇ ಎದ್ದಿದೆ. ಬಾಗಿಲು ತೆರೆದಾಗ ಆ ಹೊಸ ಕಪಾಟಿನ ಘಾಟು ಬಂತು. ಆ ಘಾಟನ್ನು ಜನ "ಹೊಸದರ ವಾಸನೆ" ಅಂತ ಇಷ್ಟಪಡುತ್ತಾರೆ, ನನಗೆ ಭಯ. ಅಗ್ಗದ ಎಂಡಿಎಫ್, ಪ್ಲೈವುಡ್‌ಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನ್ನುವ ಅನಿಲ ತಿಂಗಳುಗಟ್ಟಲೆ ಹೊರಬರುತ್ತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಇದನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಹಾಕಿದೆ. ಬೋರ್ಡು ಕೊಳ್ಳುವಾಗ ಇ1 ಅಥವಾ ಅದಕ್ಕಿಂತ ಕಡಿಮೆ ಹೊರಸೂಸುವ ದರ್ಜೆ ಇದೆಯಾ ಅಂತ ಕೇಳಬೇಕು. ಕೇಳಿದೆ. "ಎಲ್ಲಾ ಇಕೋ ಫ್ರೆಂಡ್ಲಿ ಸರ್" ಅಂದಳು ಹುಡುಗಿ. ಪಾಪ, ಅವಳಿಗೆ ಕಲಿಸಿ ಕೊಟ್ಟ ಮಾತು. ಅತಿಥಿಗಳು ಒಂದು ಗಂಟೆ ಕೂತು ಹೋಗುತ್ತಾರೆ, ಆ ಕಪಾಟಿನ ಪಕ್ಕ ದಿನಕ್ಕೆ ಒಂಬತ್ತು ಗಂಟೆ ಕೂರುವವಳು ಅವಳೇ.

ಬ್ರೋಷರಿನಲ್ಲಿ ಎಫ್‌ಎಸ್‌ಸಿ ಗುರುತು ಹಾಕಿದ್ದಾರೆ. 1993ರಲ್ಲಿ ಶುರುವಾದ ಸಂಸ್ಥೆ ಅದು, ಕಾಡನ್ನು ಜವಾಬ್ದಾರಿಯಿಂದ ನೋಡಿಕೊಂಡು ತೆಗೆದ ಮರ ಅಂತ ಪ್ರಮಾಣ ಕೊಡುತ್ತದೆ. ಆದರೆ ಅದರಲ್ಲಿ ಮೂರು ಬಗೆ ಇವೆ: ಪೂರ್ತಿ ಪ್ರಮಾಣಿತ, ಮಿಶ್ರ, ಮರುಬಳಕೆ. ಗುರುತಿನ ಕೆಳಗೆ ಒಂದು ಲೈಸೆನ್ಸ್ ಸಂಖ್ಯೆಯೂ ಇರಬೇಕು. ಇಲ್ಲಿ ಸಂಖ್ಯೆಯೇ ಇಲ್ಲ. ಆಮೇಲೆ ಹೊಳೆಯಿತು, ಅದು ಬ್ರೋಷರಿನ ಕಾಗದದ ಗುರುತೂ ಇರಬಹುದು! ಮರದ ಚಿತ್ರದ ಪಕ್ಕ ಹಾಕಿಬಿಟ್ಟರೆ ಓದುವವರು ಬಾಗಿಲಿಗೂ ಬೆಂಚಿಗೂ ಸೇರಿಸಿಕೊಳ್ಳುತ್ತಾರೆ, ಅಲ್ವಾ.

ಶಬ್ದದ ವಿಚಾರದಲ್ಲಿ ಇವರು ಗೆದ್ದಿದ್ದಾರೆ, ಒಂದು ಕಡೆ ಬಿಟ್ಟು. ಎತ್ತರದ ಹಾಲು, ಗಟ್ಟಿ ಗೋಡೆ ಇದ್ದರೆ ಮಾತು ಗೊಂಯ್ ಅಂತ ತಿರುಗಿ ಬರಬೇಕು. ಬರುವುದಿಲ್ಲ. ಸೂರಿನಲ್ಲಿ ಮರದ ಪಟ್ಟಿಗಳ ನಡುವೆ ಸಂದು ಬಿಟ್ಟು, ಹಿಂದೆ ಬಳಸಿ ಎಸೆದ ಪ್ಲಾಸ್ಟಿಕ್ ಬಾಟಲಿಯಿಂದ ಮಾಡಿದ ಕಂಬಳಿಯಂಥ ಹಾಳೆ ಇಟ್ಟಿದ್ದಾರೆ. ಮಾತಾಡುವ ಕೋಣೆಗಳ ಗೋಡೆಗೆ ಕಾರ್ಕ್. ಕಾರ್ಕ್ ಅಂದರೆ ಮರ ಕಡಿಯದೆ ಬರೀ ತೊಗಟೆ ಸುಲಿದು ತೆಗೆಯುವುದು. ಮರಕ್ಕೆ 25 ವರ್ಷ ಆದ ಮೇಲೆ ಮೊದಲ ಸಲ, ಆಮೇಲೆ 9 ವರ್ಷಕ್ಕೊಮ್ಮೆ. ಮೆತ್ತಗಿನ ವಸ್ತು ಶಬ್ದ ನುಂಗುತ್ತದೆ ಅನ್ನುವುದನ್ನು ಲೆಕ್ಕಕ್ಕೆ ಇಳಿಸಿದವನು ವ್ಯಾಲೇಸ್ ಸಬೈನ್, ಹಾರ್ವರ್ಡಿನ ಮೇಷ್ಟ್ರು. 1895ರ ಹೊತ್ತಿಗೆ ಅಲ್ಲಿನ ಒಂದು ಹೊಸ ಉಪನ್ಯಾಸ ಕೊಠಡಿಯಲ್ಲಿ ಒಂದು ಮಾತು ಆಡಿದರೆ ಅದು ಐದೂವರೆ ಸೆಕೆಂಡು ಸಾಯುತ್ತಿರಲಿಲ್ಲ. ಈತ ರಾತ್ರಿ ಹೊತ್ತು ಪಕ್ಕದ ರಂಗಮಂದಿರದ ಸೀಟಿನ ದಿಂಬುಗಳನ್ನು ಹೊತ್ತು ತಂದು, ಜೋಡಿಸಿ, ಎಷ್ಟು ದಿಂಬಿಗೆ ಎಷ್ಟು ಸದ್ದು ಇಳಿಯಿತು ಅಂತ ಅಳೆದ. ಬೆಳಗಾಗುವುದರೊಳಗೆ ದಿಂಬುಗಳನ್ನು ವಾಪಸ್ ಇಡಬೇಕಿತ್ತು. ಆ ಲೆಕ್ಕವೇ ಇವತ್ತಿಗೂ ನಡೆಯುತ್ತಿದೆ.

ಒಂದು ಕಡೆ ಬಿಟ್ಟು ಅಂದೆನಲ್ಲ, ಅದು ನೀರು. ಹಾಲಿನ ನಡುವೆ ಕಪ್ಪು ಕಲ್ಲಿನ ಮೇಲೆ ತೆಳ್ಳಗೆ ನೀರು ಜಾರುವ ಹಾಗೆ ಮಾಡಿದ್ದಾರೆ. ಕೇಳೋಕೆ ಹಿತ. ಪಕ್ಕದ ಮೇಜಿನವರು ಎಷ್ಟು ಸಾಲ ತೆಗೆಯುತ್ತಿದ್ದಾರೆ ಅಂತ ನಮಗೆ ಕೇಳಿಸದ ಹಾಗೆ ಮರೆಯೂ ಆಗುತ್ತದೆ. ಆದರೆ ಅಮ್ಮನ ಕಿವಿಯಲ್ಲಿ ಮಷಿನ್ ಇದೆ. ಅದಕ್ಕೆ ನೀರಿನ ಸದ್ದು, ಮಾತು ಎರಡೂ ಒಂದೇ. ನೀರಿನ ಪಕ್ಕದ ಮೇಜಿನಲ್ಲಿ ಅಮ್ಮನಿಗೆ ಹುಡುಗಿಯ ಒಂದು ಮಾತೂ ಸರಿಯಾಗಿ ಕೇಳಲಿಲ್ಲ, ಎಲ್ಲದಕ್ಕೂ ತಲೆಯಾಡಿಸಿದರು. ತಲೆಯಾಡಿಸಿದ್ದನ್ನು ಹುಡುಗಿ ಒಪ್ಪಿಗೆ ಅಂದುಕೊಂಡಳು. ನಾವೇ ಮೇಜು ಬದಲಾಯಿಸಿ ಅಂತ ಕೇಳಬೇಕಾಯಿತು. ಜೊತೆಗೆ ಪಂಪು ದಿನವಿಡೀ ಓಡುತ್ತದೆ. ಅದರ ಕರೆಂಟಿನ ಲೆಕ್ಕ "ಸುಸ್ಥಿರ" ಅಂತ ಬರೆದ ಫಲಕದಲ್ಲಿ ಇಲ್ಲ.

ಹಸಿರು ಗೋಡೆ ಬಗ್ಗೆ ಎರಡೇ ಮಾತು. "ಲಿವಿಂಗ್ ವಾಲ್ ಸರ್" ಅಂತ ತೋರಿಸಿದ್ದು ಪಾಚಿಯ ಗೋಡೆ. ಮುಟ್ಟಿದೆ, ಮೆತ್ತಗೆ, ಒಣಗಿ, ತಂಪಿಲ್ಲ. ಗ್ಲಿಸರಿನ್ ಹಾಕಿ ಕಾಪಿಟ್ಟ ಪಾಚಿ ಅದು, ಅದರ ಜೀವ ಹೋಗಿ ಎಷ್ಟೋ ಕಾಲವಾಗಿದೆ. ಕೆಟ್ಟದ್ದೇನಲ್ಲ, ನೀರು ಬೇಡ, ಶಬ್ದವನ್ನೂ ಹೀರುತ್ತದೆ, ಆದರೆ ಸತ್ತದ್ದನ್ನು ಸತ್ತದ್ದು ಅಂತಲೇ ಹೇಳಬಹುದಲ್ಲ. ಮೂಲೆಗಳಲ್ಲಿ ಇಟ್ಟ ಕುಂಡಗಳು ಜೀವಂತ ಇವೆ. ಅವು ಗಾಳಿ ಶುದ್ಧ ಮಾಡುತ್ತವೆ ಅಂತ ಪಕ್ಕದಲ್ಲಿ ಸಣ್ಣ ಬೋರ್ಡು. ಈ ಮಾತು ಹುಟ್ಟಿದ್ದು 1989ರ ನಾಸಾ ಪ್ರಯೋಗದಿಂದ, ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ ಮಾಡಿದ್ದು. ನಿಜವಾದ ಕಟ್ಟಡದಲ್ಲಿ ಅಷ್ಟೇ ಪರಿಣಾಮ ಬರಬೇಕಾದರೆ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡ ಬೇಕು ಅಂತ 2019ರಲ್ಲಿ ಬಂದ ವಿಮರ್ಶೆಯೊಂದು ಲೆಕ್ಕ ಹಾಕಿದೆ. ಕಾಡೇ ನೆಡಬೇಕು. ಕಿಟಕಿ ತೆರೆದರೆ ಅದಕ್ಕಿಂತ ಜಾಸ್ತಿ ಕೆಲಸ ಆಗುತ್ತದೆ. ತೆರೆಯುವ ಕಿಟಕಿ ಇಲ್ಲಿ ಎರಡು ಇವೆ, ಎರಡಕ್ಕೂ ಬೀಗ.

ಈಗ ಬರುತ್ತೇನೆ ನನ್ನ ದೊಡ್ಡ ತಕರಾರಿಗೆ. ಬೆಳಕು.

ಹಾಲಿನ ಬೆಳಕು ಬಹಳ ಚೆನ್ನಾಗಿದೆ. ಮೇಲಿನ ಗವಾಕ್ಷಿಯಿಂದ ಹಗಲು ಇಳಿದು ಗಾರೆ ಗೋಡೆಯನ್ನು ಸವರಿಕೊಂಡು ಬರುತ್ತದೆ, ಹೊತ್ತು ಹೋದ ಹಾಗೆ ಬಣ್ಣ ಬದಲಾಗುತ್ತದೆ. ದೀಪಗಳು ಬೆಚ್ಚಗಿನ ಹಳದಿ ಛಾಯೆಯವು, ಬೆಳಕಿನ ಬಣ್ಣದ ಅಳತೆಯಲ್ಲಿ 2700 ಕೆಲ್ವಿನ್ ಆಸುಪಾಸು ಇರಬೇಕು, ಬಲ್ಬು ಕಣ್ಣಿಗೆ ಕಾಣದ ಹಾಗೆ ಮರೆಯಲ್ಲಿ ಕೂರಿಸಿದ್ದಾರೆ. ಹತ್ತು ನಿಮಿಷ ಸುಮ್ನೆ ಕೂರಲು ಇದಕ್ಕಿಂತ ಒಳ್ಳೆ ಬೆಳಕು ಬೇಡ. ಆದರೆ ಇದೇ ಮಬ್ಬನ್ನು ಕಾಗದ ಓದುವ ಮೇಜಿಗೂ ತಂದಿದ್ದಾರೆ. ಅಲ್ಲಿ ತಾನೇ ಬೆಲೆಪಟ್ಟಿ, ಅಲ್ಲಿ ತಾನೇ ಕರಾರಿನ ಕರಡು, ಅಲ್ಲಿ ತಾನೇ ಪುಟದ ಕೊನೆಯಲ್ಲಿ ಇರುವೆ ಸಾಲಿನಂಥ ಅಕ್ಷರಗಳು? ಫೋನಿನ ಆ್ಯಪ್‌ನಲ್ಲಿ ಅಳೆದೆ, ಫೋನಿನ ಅಳತೆ ಪಕ್ಕಾ ಅಲ್ಲ ಅನ್ನುವುದು ಗೊತ್ತು, ಆದರೂ 90 ಲಕ್ಸ್ ತೋರಿಸಿತು, ಲಕ್ಸ್ ಅಂದರೆ ಮೇಜಿನ ಮೇಲೆ ಬೀಳುವ ಬೆಳಕಿನ ಅಳತೆ. ಓದಿ ಬರೆಯುವ ಆಫೀಸು ಮೇಜಿಗೆ ಯುರೋಪಿನ ಮಾನದಂಡ ಹೇಳುವುದು 500. ವಯಸ್ಸಾದವರಿಗೆ ಇನ್ನೂ ಜಾಸ್ತಿ ಬೇಕು. ಅರವತ್ತರ ಕಣ್ಣಿನ ಒಳಪದರಕ್ಕೆ ತಲುಪುವುದು ಇಪ್ಪತ್ತರ ಕಣ್ಣಿಗೆ ತಲುಪುವ ಬೆಳಕಿನ ಸುಮಾರು ಮೂರನೇ ಒಂದು ಪಾಲು ಅಷ್ಟೇ.

ಹೆಂಡತಿ ಫೋನಿನ ಟಾರ್ಚ್ ಹಾಕಿ ಹಿಡಿದಳು, ನಾನು ಓದಿದೆ. ಪಕ್ಕದ ಮೇಜಿನವರು ತಿರುಗಿ ನೋಡಿದರು. ಗುಡಿಯಲ್ಲಿ ಜೋರಾಗಿ ಕೆಮ್ಮಿದ ಹಾಗಾಯಿತು ನಮಗೆ. ಅಲ್ಲೇ ನನಗೆ ಈ ಜಾಗದ ಗುಟ್ಟು ಅರ್ಧ ಅರ್ಥವಾಗಿದ್ದು. ಮೌನ ಇದ್ದರೆ ಮನುಷ್ಯ ಯೋಚಿಸುತ್ತಾನೆ, ಸರಿ. ಆದರೆ ಅದೇ ಮೌನದಲ್ಲಿ ಪ್ರಶ್ನೆ ಕೇಳಲು ಸಂಕೋಚವೂ ಆಗುತ್ತದೆ. ಗಲಾಟೆಯ ಆಫೀಸಿನಲ್ಲಿ ನಾನು "ಇದೇನ್ರೀ ಈ ಎಕ್ಸ್ಟ್ರಾ ಚಾರ್ಜು?" ಅಂತ ಧಾರಾಳವಾಗಿ ಕೇಳಿದ್ದೆ. ಇಲ್ಲಿ ಅದನ್ನೇ ಕೇಳಲು ಗಂಟಲು ಸರಿಮಾಡಿಕೊಳ್ಳಬೇಕಾಯಿತು. ಇದನ್ನು ಬೇಕಂತಲೇ ಮಾಡಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಡಿಸೈನ್ ಮಾಡಿದವರು ಚಂದದ ಮಬ್ಬಿಗೆ ಮರುಳಾಗಿ ಮೇಜನ್ನು ಮರೆತಿರಬಹುದು. ಪರಿಹಾರ ಸುಲಭ: ಮೇಜಿಗೊಂದು ದೀಪ, ಅದರ ಸ್ವಿಚ್ಚು ಕೊಳ್ಳುವವರ ಕೈಗೆ ಸಿಗುವ ಕಡೆ. ಅಷ್ಟೇ. ಹಾಲಿನ ಮಬ್ಬು ಹಾಗೇ ಇರಲಿ.

ಬೆಳಕಿನದ್ದೇ ಇನ್ನೊಂದು ತೊಂದರೆ. ನೆಲದ ಟೈಲು, ಕಪಾಟಿನ ಬಣ್ಣ ಎಲ್ಲವನ್ನೂ ಇದೇ ಬೆಚ್ಚಗಿನ ಬೆಳಕಲ್ಲಿ ತೋರಿಸುತ್ತಾರೆ. ಒಂದು ಟೈಲು ಅಲ್ಲಿ ಕೆನೆ ಬಣ್ಣ ಅನಿಸಿತು. ಎತ್ತಿಕೊಂಡು ಕಿಟಕಿ ಹತ್ತಿರ ಹೋದೆ, ಬೂದಿ. ನೀವೂ ಹೀಗೇ ಮಾಡಿ, ಯಾರೂ ಬೇಡ ಅನ್ನುವುದಿಲ್ಲ. ಹುಡುಗಿಯೇ ಬಂದು ಇನ್ನೆರಡು ಟೈಲು ಹಿಡಿದುಕೊಂಡು ನಿಂತಳು, ಅವಳಿಗೂ ಆಶ್ಚರ್ಯ.

ಮಾದರಿಯ ಕೋಣೆಗೆ ಬರೋಣ, ಅದೇ, ಇಡೀ ಬಡಾವಣೆಯ ಪುಟ್ಟ ಮಾಡೆಲ್ ಇಟ್ಟಿರುವ ಕಡೆ. ಬೇರೆ ಕಡೆ ಇದು ಜಾತ್ರೆ, ಬಣ್ಣದ ದೀಪ, ತಿರುಗುವ ಕಾರುಗಳು. ಇಲ್ಲಿ ಪೂರ್ತಿ ಮರದ ಮಾಡೆಲ್, ಸುತ್ತ ಕೆರೆದ ಮರಳು. ಜಪಾನಿನ ಕ್ಯೋಟೋದ ಬೌದ್ಧ ಗುಡಿ ರ್‍ಯೋವಾನ್‌ಜಿ ತೋಟದ ನೆನಪು ಬರಲಿ ಅಂತಲೇ ಮಾಡಿರುವುದು. ಆ ತೋಟದಲ್ಲಿ 15 ಕಲ್ಲುಗಳಿವೆ, ಜಗಲಿಯಲ್ಲಿ ಎಲ್ಲಿ ಕೂತು ನೋಡಿದರೂ ಒಂದಾದರೂ ಕಣ್ಣಿಗೆ ಮರೆಯಾಗುತ್ತದೆ. ಇಲ್ಲೂ ಹಾಗೇ! ನಮಗೆ ತೋರಿಸಿದ ಮನೆಯ ಹಿಂಬದಿ ಗೋಡೆಯ ಕಡೆಗಿತ್ತು, ಅತ್ತ ಹೋಗಿ ನೋಡಲು ಜಾಗವೇ ಇಲ್ಲ. ಅಕ್ಕಪಕ್ಕದ ಹಳೇ ಕಟ್ಟಡಗಳು ಮಾಡೆಲಿನಲ್ಲಿ ಇಲ್ಲ, ಆ ಜಾಗದಲ್ಲೆಲ್ಲ ಮರಳು. ಉತ್ತರ ದಿಕ್ಕು ಯಾವುದು ಅಂತ ಗುರುತಿಲ್ಲ. ಬಿಸಿಲು ಎಲ್ಲಿಂದ ಬರುತ್ತದೆ ಅಂತ ಕೇಳಿದ್ದಕ್ಕೆ ಹುಡುಗಿ ಫೋನಿನಲ್ಲಿ ದಿಕ್ಸೂಚಿ ತೆರೆದಳು, ಅದೂ ಮಾಡೆಲ್ ಕೆಳಗಿನ ಕಬ್ಬಿಣದ ಚೌಕಟ್ಟಿನ ಮೇಲೆ ಅಲ್ಲಾಡುತ್ತಲೇ ಇತ್ತು.

ಸ್ಯಾಂಪಲ್ ಫ್ಲ್ಯಾಟಿನ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಎಲ್ಲ ಕಡೆಯ ಹಾಗೇ ಬಾಗಿಲುಗಳನ್ನು ತೆಗೆದಿದ್ದಾರೆ, ಆಗ ಕೋಣೆ ದೊಡ್ಡದಾಗಿ ಕಾಣುತ್ತದೆ. ಮಂಚದ ಉದ್ದ ಅಳೆದೆ, 180 ಸೆಂಟಿಮೀಟರ್. ನಾನು ಮಲಗಿದರೆ ಕಾಲು ಹೊರಗೆ. ಟೇಪು ಒಯ್ಯಿರಿ.

ಇನ್ನು ಈ ಜಾಗದ ಮುಖ್ಯ ಪ್ರಶ್ನೆ. ಸೇಲ್ಸ್ ಆಫೀಸು ಅಂದರೆ ಹುಟ್ಟುವಾಗಲೇ ಸಾಯುವ ದಿನ ಗೊತ್ತಿರುವ ಕಟ್ಟಡ. ಮನೆಗಳು ಮಾರಿ ಮುಗಿದರೆ ಇದಕ್ಕೆ ಕೆಲಸ ಇಲ್ಲ. ಎರಡು ವರ್ಷ, ಮೂರು ವರ್ಷ. ಹಾಗಿದ್ದಾಗ ಎಲ್‌ಇಡಿ ಹಾಕಿದೆವು, ಎಸಿ ಕಡಿಮೆ ಕರೆಂಟು ತಿನ್ನುತ್ತದೆ ಅನ್ನುವುದು ಸಣ್ಣ ಲೆಕ್ಕ. ಐವತ್ತು ವರ್ಷ ನಿಲ್ಲುವ ಕಟ್ಟಡಕ್ಕೆ ಅದು ದೊಡ್ಡದು, ಮೂರು ವರ್ಷದ್ದಕ್ಕೆ ಅಲ್ಲ. ಇಂಥದ್ದಕ್ಕೆ ಲೆಕ್ಕ ಇರುವುದು ಒಳಗೆ ತಂದು ಸುರಿದ ಸಾಮಾನಿನಲ್ಲಿ, ಮತ್ತು ಆ ಸಾಮಾನು ಕೊನೆಗೆ ಎಲ್ಲಿಗೆ ಹೋಗುತ್ತದೆ ಅನ್ನುವುದರಲ್ಲಿ. ಎಷ್ಟೋ ಸೇಲ್ಸ್ ಆಫೀಸು ಒಡೆಯುವಾಗ ನಾನೇ ನಿಂತು ನೋಡಿದ್ದೇನೆ. ಸುತ್ತಿಗೆ, ಗಡಾರಿ, ಎರಡು ದಿನ. ಅಂಟು ಹಾಕಿ ಕೂರಿಸಿದ ಚಪ್ಪಡಿ ಒಂದೂ ಇಡಿಯಾಗಿ ಬರುವುದಿಲ್ಲ, ಎಲ್ಲಾ ಲಾರಿಗೆ, ಲಾರಿಯಿಂದ ಗುಂಡಿಗೆ.

ಹೀಗಾಗದೆ ಇರುವ ದಾರಿ ಇದೆ. 2000ದಲ್ಲಿ ಜರ್ಮನಿಯ ಹ್ಯಾನೋವರ್‌ನಲ್ಲಿ ವಿಶ್ವ ಮೇಳ ನಡೆದಾಗ ಸ್ವಿಟ್ಜರ್ಲೆಂಡಿನ ಮಂಟಪವನ್ನು ಪೀಟರ್ ಜುಮ್ಥೋರ್ ಮಾಡಿದ್ದು ಬರೀ ಮರದ ತೊಲೆಗಳನ್ನು ಒಂದರ ಮೇಲೊಂದು ಪೇರಿಸಿ. ಮೊಳೆ ಇಲ್ಲ, ಅಂಟು ಇಲ್ಲ, ಉಕ್ಕಿನ ಸರಳು ಮತ್ತು ಸ್ಪ್ರಿಂಗುಗಳಿಂದ ಬಿಗಿದು ನಿಲ್ಲಿಸಿದ್ದರು. ಮೇಳ ನಡೆದಷ್ಟು ದಿನ ಹಸಿ ಮರ ಗಾಳಿಯಲ್ಲಿ ಒಣಗಿತು, ಆಮೇಲೆ ಬಿಚ್ಚಿ ಒಣಗಿದ ಮರವಾಗಿಯೇ ಮಾರುವ ಲೆಕ್ಕಾಚಾರ. ಮರದ ಅಡ್ಡೆಯಲ್ಲಿ ಮರ ಒಣಗಿಸಲು ಹೇಗೆ ಅಟ್ಟಿ ಹಾಕುತ್ತಾರೋ ಅದನ್ನೇ ಕಟ್ಟಡ ಮಾಡಿದ್ದು. ಅದೇ ಮೇಳದಲ್ಲಿ ಜಪಾನಿನ ಮಂಟಪವನ್ನು ಶಿಗೆರು ಬಾನ್ ಕಾಗದದ ಕೊಳವೆಗಳಿಂದ ಮಾಡಿದ್ದ, ಮುಗಿದ ಮೇಲೆ ಮತ್ತೆ ಕಾಗದವಾಗಲಿ ಅಂತ. ತಾತ್ಕಾಲಿಕ ಅನ್ನುವುದನ್ನು ಇವರು ಮುಚ್ಚಿಡಲಿಲ್ಲ, ಅದರಿಂದಲೇ ಶುರು ಮಾಡಿದರು.

ಇಲ್ಲಿ ಹೇಗೆ ಅಂತ ಹುಡುಗಿಯನ್ನು ಕೇಳಿದೆ. "ಮುಂದೆ ಇದೇ ಕ್ಲಬ್ ಹೌಸ್ ಆಗುತ್ತೆ ಸರ್." ಆಗಬಹುದು, ಆಗಲಿ. ಕರಡಿನಲ್ಲಿ ಹಾಗೆ ಬರೆದಿದೆಯಾ? ಇಲ್ಲ. ಆದರೆ ಅದೃಷ್ಟಕ್ಕೆ ಆ ದಿನ ಸೂರಿನ ಒಂದು ಪಟ್ಟಿ ಬಿಚ್ಚಿ ವೈರ್ ಸರಿ ಮಾಡುತ್ತಿದ್ದ ಹುಡುಗನೊಬ್ಬ ಸಿಕ್ಕ. ಏಣಿ ಕೆಳಗೆ ನಿಂತು ಮಾತಿಗೆಳೆದೆ. ಪಟ್ಟಿಗಳಿಗೆಲ್ಲ ಸ್ಕ್ರೂ, ಒಂದು ಕಡೆಯೂ ಗಮ್ ಇಲ್ಲ ಅಂದ. ಬೆಂಚಿಗೆ ಬೋಲ್ಟು. ಕಾರ್ಕ್ ಹಾಳೆಗಳನ್ನು ಚೌಕಟ್ಟಿಗೆ ಸಿಕ್ಕಿಸಿದ್ದಾರೆ, ಎತ್ತಿದರೆ ಬರುತ್ತದೆ ಅಂತ ಎತ್ತಿಯೇ ತೋರಿಸಿದ. ಬೆಣಚುಕಲ್ಲು ಹೇಗೂ ಬುಟ್ಟಿಗೆ ತುಂಬಿ ಒಯ್ಯಬಹುದು. ಅಂಟಿಸಿರುವುದು ಆ ಕಪ್ಪು ಕಲ್ಲು, ಪಾಚಿ ಗೋಡೆ, ಆ ದರಿದ್ರ ಎಂಡಿಎಫ್ ಕಪಾಟು. ಅಂದರೆ ಡಿಸೈನ್ ಮಾಡಿದವರಿಗೆ ವಿಷಯ ಗೊತ್ತಿದೆ. ಮಾರುವವರಿಗೆ ಅದನ್ನು ಹೇಳಲು ಗೊತ್ತಿಲ್ಲ. ಈ ಜಾಗದ ಅತಿ ಒಳ್ಳೆಯ ಗುಣ ಆ ಸ್ಕ್ರೂಗಳಲ್ಲಿದೆ, ಫಲಕದ ಮೇಲೆ ಬರೆದಿರುವುದು ಮಾತ್ರ ಸತ್ತ ಪಾಚಿಯ ಬಗ್ಗೆ.

ಅಂಕ ಕೊಡಲೇಬೇಕು ಅಂದರೆ ಐದಕ್ಕೆ ಮೂರೂವರೆ. ಕೂರುವುದಕ್ಕೆ ಐದು, ಕೇಳುವುದಕ್ಕೆ ನಾಲ್ಕು, ಓದುವುದಕ್ಕೆ ಒಂದೂವರೆ. ಸರಾಸರಿ ಲೆಕ್ಕ ಸರಿ ಬರದಿದ್ದರೆ ಬೈಯಬೇಡಿ.

ನಾವು ಬುಕಿಂಗ್ ಮಾಡಲಿಲ್ಲ. ಹೊರಡುವಾಗ ಯಾರೂ ಒತ್ತಾಯ ಮಾಡಲಿಲ್ಲ, ಬಾಗಿಲ ತನಕ ಬಂದು ಕೈ ಮುಗಿದು ಕಳಿಸಿದರು, ಅಮ್ಮನನ್ನು ಆ ಸಾಮಾನಿನ ದಾರಿಯಲ್ಲೇ ಹುಷಾರಾಗಿ ಕರೆದುಕೊಂಡು ಹೋದರು. ಮಾರನೇ ದಿನದಿಂದ ಫೋನು ಶುರು. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ನಾವು ಎತ್ತದಿದ್ದರೆ ಬೇರೆ ನಂಬರಿನಿಂದ ಇನ್ನೊಂದು. ಹಾಲಿನಲ್ಲಿ ಅಷ್ಟು ಜೋಪಾನ ಮಾಡಿದ ಶಾಂತಿಯನ್ನು ನಾಲ್ಕು ದಿನದಲ್ಲಿ ನಮ್ಮ ಮನೆಯಲ್ಲಿ ಖರ್ಚು ಮಾಡಿ ಮುಗಿಸಿದರು. ಆ ಹತ್ತು ನಿಮಿಷ ಬಿಟ್ಟುಕೊಟ್ಟವರಿಗೆ ಹತ್ತು ದಿನ ಬಿಟ್ಟುಕೊಡಲು ಆಗಲಿಲ್ಲ.

ಐದನೇ ದಿನ ನಾನೇ ಫೋನ್ ಮಾಡಿದೆ. ಹುಡುಗಿಗೆ ಖುಷಿಯೋ ಖುಷಿ. "ಹೇಳಿ ಸರ್, ಯಾವ ಫ್ಲೋರ್ ಅಂತ ಡಿಸೈಡ್ ಮಾಡಿದ್ರಾ?" "ಇಲ್ಲಮ್ಮ, ಆ ಬೆಂಚಿನ ಎತ್ತರ ಎಷ್ಟಿದೆ ಅಂತ ಸ್ವಲ್ಪ ಅಳೆದು ಹೇಳ್ತೀಯಾ? ನಮ್ಮಮ್ಮನಿಗೆ ಅಂಥದ್ದೇ ಒಂದು ಮಾಡಿಸಬೇಕು." ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ನೀರಿನ ಸದ್ದು ಮಾತ್ರ ಕೇಳುತ್ತಿತ್ತು. ಸಂಜೆ ಮೆಸೇಜ್ ಬಂತು: "46 ಸೆಂಟಿಮೀಟರ್ ಸರ್, ಹಲಗೆ ದಪ್ಪ ಸೇರಿ."